ಎರಡು ಅನುಮಾನ

"ಚಿಜುರು ಸಾನ್, ನಂಗೆ ಇಂಗ್ಲಿಷ್ ಹೇಳಿಕೊಡ್ತೀರಾ?"

ಮಧ್ಯಾಹ್ನದ ಊಟದ ಹೊತ್ತು. ಆಫೀಸಿನ ಬಾಗಿಲಲ್ಲಿ ಹತಾನೊ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ನಿಂತಿದ್ದ. ಜಪಾನಿನ ಒನೊಮಿಚಿ ಬಂದರಿನ ಆ ಹಡಗು ರಿಪೇರಿ ಕಾರ್ಖಾನೆಯಲ್ಲಿ ಅವನಂಥ ಮೆಕ್ಯಾನಿಕ್ ಇನ್ನೊಬ್ಬನಿರಲಿಲ್ಲ. ಇಂಗ್ಲಿಷ್ ಪತ್ರ ಬರೆಯುವವಳು ಚಿಜುರು ಒಬ್ಬಳೇ.

"ಈಗ್ಯಾಕೆ ಇಂಗ್ಲಿಷು?"

"ಆ ನಾರ್ವೆ ಕಂಪನಿಯವರು ಕೆಲಸ ಕೊಡ್ತೀವಿ ಅಂದು ಆಮೇಲೆ ಬೇಡ ಅಂದ್ರಲ್ಲ. ಯಾಕೆ ಅಂತ ನಾನೇ ಬರೆದು ಕೇಳ್ತೀನಿ."

ಚಿಜುರು ಊಟದ ಡಬ್ಬಿ ಮುಚ್ಚಿದಳು. ಅವರು ಬೇಡವೆಂದದ್ದು ಯಾಕೆಂದು ಅವಳಿಗೆ ಗೊತ್ತಿತ್ತು.

ಏಪ್ರಿಲ್‌ನಲ್ಲಿ ಆ ಕಂಪನಿಯ ಹಡಗೊಂದರಲ್ಲಿ ಹತಾನೊ ರಿಪೇರಿ ಮಾಡಿದ್ದ ಪಂಪು ಕೆಟ್ಟಿತ್ತು. ಹತಾನೊನ ತಪ್ಪೇ ಎಂದು ಅವರು ಪತ್ರ ಬರೆದು ಕೇಳಿದರು. "ಹತಾನೊ ತಪ್ಪು ಮಾಡಿದ್ನಾ? ಅನುಮಾನ," ಎಂದು ಉತ್ತರ ಬರೆಸಿದ್ದರು ಕಾರ್ಖಾನೆಯ ಮುದುಕ ಮೇಸ್ತ್ರಿ. ಅವನು ಮಾಡಿರಲಾರ ಎಂಬ ಅರ್ಥದಲ್ಲಿ. ನಮ್ಮ ಕನ್ನಡದಲ್ಲಿರುವಂತೆ ಜಪಾನಿ ಮಾತಿನಲ್ಲೂ ಎರಡು ಬಗೆಯ ಅನುಮಾನಕ್ಕೂ ಒಂದೇ ಪದ ಸಾಕು. ಇಂಗ್ಲಿಷಿಗೆ ಸಾಲದು. ಮಾಡಿರಲಾರ ಅನ್ನಿಸಿದರೆ ಡೌಟ್, ಅವನೇ ಮಾಡಿರಬೇಕು ಅನ್ನಿಸಿದರೆ ಸಸ್ಪೆಕ್ಟ್. ಅವಸರದಲ್ಲಿ ಚಿಜುರು ಸಸ್ಪೆಕ್ಟ್ ಎಂದು ಬರೆದು ಕಳಿಸಿಬಿಟ್ಟಿದ್ದಳು.

ಮೇ ತಿಂಗಳಲ್ಲಿ ಪತ್ರದ ನಕಲು ಕಣ್ಣಿಗೆ ಬಿದ್ದಾಗ ತಾನು ಹಾಕಿದ ಪದ ತಪ್ಪೆಂದು ತಿಳಿಯಿತು. ಅಂದೇ ಇನ್ನೊಂದು ಪತ್ರ ಬರೆದಿದ್ದರೆ ಸರಿಹೋಗುತ್ತಿತ್ತು. ಆದರೆ ಅಂದು ಸಂಜೆ ಹತಾನೊ ದೋಣಿಕಟ್ಟೆಯವರೆಗೆ ಜೊತೆಗೆ ನಡೆದು ಬಂದ. ದಾರಿಯುದ್ದಕ್ಕೂ ನಗಿಸಿದ. ಪತ್ರ ಬರೆದರೆ ಇವನು ನಾರ್ವೆಗೆ ಹೋಗಿಬಿಡುತ್ತಾನಲ್ಲ ಎನ್ನಿಸಿತು. ಮರುದಿನ ಫೈಲು ಮುಚ್ಚಿಟ್ಟಳು.

ಈಗ ದಿನಾ ಮಧ್ಯಾಹ್ನ ಪಾಠ. ಅವನು ತಪ್ಪು ಹೇಳುವುದು, ಇವಳು ಪೆನ್ಸಿಲಿನಿಂದ ಅವನ ಬೆರಳಿಗೆ ಕುಟ್ಟುವುದು, ಅವನು ಓರೆಗಣ್ಣಿನಲ್ಲಿ ನೋಡಿ ಬೇಕೆಂದೇ ಮತ್ತೆ ತಪ್ಪು ಹೇಳುವುದು. ಅವನು ನಕ್ಕಷ್ಟೂ ಇವಳಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಸೆಪ್ಟೆಂಬರಿನಲ್ಲಿ ಪುಸ್ತಕದಲ್ಲಿ ಆ ಎರಡು ಕ್ರಿಯಾಪದಗಳ ಪುಟ ಬಂತು. ಹತಾನೊ ಬೇಗ ಹಿಡಿದುಕೊಂಡ.

"ಹಾಗಾದ್ರೆ ಇದನ್ನ ಹೇಳಿ ಮೇಡಂ. ಚಿಜುರು ಸಾನ್‌ಗೆ ನನ್ನ ಮೇಲೆ ಮನಸ್ಸಿದೆ ಅಂತ ನಂಗೆ ಅನುಮಾನ. ಇಲ್ಲಿ ಯಾವುದು ಹಾಕ್ಲಿ?"

ಅವನ ಕಿವಿ ಕೆಂಪಾಗಿತ್ತು. ಚಿಜುರು ಎದ್ದು ಬೀರುವಿನಿಂದ ಪತ್ರದ ನಕಲು ತೆಗೆದು ಅವನ ಮುಂದಿಟ್ಟಳು.

"ಮೊದ್ಲು ಇದನ್ನ ಓದಿ."

ಬೆರಳಿಟ್ಟು ಓದುತ್ತಿದ್ದವನು ಒಂದು ಪದದ ಮೇಲೆ ನಿಂತುಬಿಟ್ಟ.

"ಬರೆದಿದ್ದು ನೀವಾ?"

"ಹೂಂ. ಗೊತ್ತಿಲ್ದೆ ಬರೆದೆ."

"ಯಾವಾಗ ಗೊತ್ತಾಯ್ತು?"

"ಮೇನಲ್ಲಿ. ಸರಿ ಮಾಡಿದ್ರೆ ನೀವು ಹೋಗ್ತಿದ್ರಿ. ಅದಕ್ಕೇ..."

ಹತಾನೊ ಕೂಗಾಡಲಿಲ್ಲ. "ಎಲ್ಲಿ ತಪ್ಪಿದೆ ಅಂತ ಆ ಪಂಪನ್ನ ದಿನಾ ಮನಸ್ಸಲ್ಲೇ ಬಿಚ್ಚಿ ಜೋಡಿಸ್ತಿದ್ದೆ. ನಾಲ್ಕು ತಿಂಗಳು. ಈ ಕೈ ಮೇಲೆ ನಂಗೇ ನಂಬಿಕೆ ಹೋಗಿತ್ತು ಚಿಜುರು ಸಾನ್," ಎಂದು ಎದ್ದು ಹೋದ.

ಅವಳು ಕೂಡಲೇ ಮಾಲೀಕರ ಮುಂದೆ ತಲೆ ಬಾಗಿಸಿ ಎಲ್ಲ ಹೇಳಿದಳು. ಬೈಸಿಕೊಂಡಳು. ತನ್ನದೇ ತಪ್ಪೆಂದು ನಾರ್ವೆಗೆ ಬರೆದಳು. ಹತ್ತು ದಿನ ಹತಾನೊ ಆಫೀಸಿನ ಕಡೆ ಸುಳಿಯಲಿಲ್ಲ. ಹನ್ನೊಂದನೇ ದಿನ ಉತ್ತರ ಬಂತು: ಜನವರಿಗೆ ಬರಲಿ, ಎರಡು ವರ್ಷದ ಕೆಲಸ. ಅದನ್ನು ಅವಳೇ ವರ್ಕ್‌ಶಾಪಿಗೆ ಒಯ್ದು ಕೊಟ್ಟಳು.

ಅವನು ಎರಡು ಸಲ ಓದಿದ.

"ಕೋಪ ಇನ್ನೂ ಹೋಗಿಲ್ಲ."

"ಹೋಗ್ಲಿ ಅಂತ ಕೇಳೋಕೆ ಬಂದಿಲ್ಲ."

"ಅವತ್ತು ನಾನು ಕೇಳಿದ್ದಕ್ಕೆ ಉತ್ತರಾನೂ ಬಂದಿಲ್ಲ."

ಚಿಜುರುವಿನ ಕಣ್ಣು ತುಂಬಿತು. "ಅನುಮಾನ ಯಾಕೆ? ಮನಸ್ಸಿದೆ. ಅದಕ್ಕೇ ಅಷ್ಟು ಕೆಟ್ಟವಳಾದೆ."

ಹತಾನೊ ಸ್ಟೂಲೊಂದನ್ನು ಒರೆಸಿ ಅವಳ ಕಡೆ ಸರಿಸಿದ.

"ಜನವರಿಗೆ ಇನ್ನೂ ಮೂರು ತಿಂಗಳಿದೆ. ಕೂತ್ಕೊಳ್ಳಿ."