ಮ್ಯೂಚುವಲ್ಲಿಗೆ ಒಪ್ಪಿಗೆ

ಬೆಳಿಗ್ಗೆ ಬಂದ ಮೆಸೇಜನ್ನು ಮೌನೇಶ್ವರಿ ಮಾನ್ವಿಯಲ್ಲಿ ಬಸ್ಸು ಹತ್ತಿದಾಗಿನಿಂದ ರಾಯಚೂರು ಬರುವವರೆಗೂ ಓದಿದ್ದನ್ನೇ ಓದಿದಳು. ‘ನಿಮ್ಮ ಒಪ್ಪಿಗಿ ಬೇಕಾಗಿತ್ರಿ ಮೇಡಮ್. ಇವತ್ತ ಹೇಳಬೇಕು. ಮೀಟಿಂಗ್ ಮುಗದ ಮ್ಯಾಲ ಕ್ಯಾಂಟೀನಿಗೆ ಬರ್ರಿ.’

ಕಳಿಸಿದವನು ವೆಂಕೋಬ, ದೇವದುರ್ಗ ತಾಲ್ಲೂಕಿನ ಗ್ರಾಮ ಆಡಳಿತಾಧಿಕಾರಿ. ಇವಳದೂ ಅದೇ ಹುದ್ದೆ, ಮಾನ್ವಿ ತಾಲ್ಲೂಕಿನಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ತರಬೇತಿಯ ದಿನ ಪಕ್ಕದ ಕುರ್ಚಿಯಲ್ಲಿದ್ದವನು ಇವಳ ಪೆನ್ನು ಇಸಿದುಕೊಂಡು, ವಾಪಸ್ಸು ಕೊಡುವಾಗ ಕರ್ಚೀಫಿನಿಂದ ಒರೆಸಿ ಕೊಟ್ಟಿದ್ದ. ಅಷ್ಟಕ್ಕೇ ಇವಳಿಗೆ ಏನೋ ಆಗಿತ್ತು.

ಆಮೇಲೆ ಮೀಟಿಂಗಿನ ದಿನ ಅವನು ಕುಡಿಸುವ ಒಂದು ಚಹಾದ ಆಚೆಗೆ, ಕೂತು ಮಾತಾಡಲು ಇಲಾಖೆ ಬಿಟ್ಟರೆ ತಾನೆ? ಕಂದಾಯ ಇಲಾಖೆ ಎಂದರೆ ಕಂದಾಯವೊಂದನ್ನು ಬಿಟ್ಟು ಉಳಿದದ್ದೆಲ್ಲ. ಬೆಳೆ ಸಮೀಕ್ಷೆ, ಜಾತಿ-ಆದಾಯ ಪ್ರಮಾಣಪತ್ರ, ವೃದ್ಧಾಪ್ಯ ವೇತನ, ಮತದಾರರ ಪಟ್ಟಿ, ಪರೀಕ್ಷಾ ಕೇಂದ್ರದ ಕಾವಲು. ಇವಳಿಗೆ ಬಿಡುವಾದರೆ ಅವನು ಮರಳಿನ ಚೆಕ್‌ಪೋಸ್ಟಿನಲ್ಲಿ. ಅವನಿಗೆ ಬಿಡುವಾದರೆ ಇವಳು ಕಾಲುವೆ ನೀರಿನ ಜಗಳದಲ್ಲಿ. ಒಮ್ಮೆ ರಾಯಚೂರಿನ ಟಾಕೀಸಿನ ಮುಂದೆ ಇವಳು ಟಿಕೆಟ್ಟು ಹಿಡಿದು ನಿಂತಿದ್ದಾಗ ಅವನ ಫೋನು ಬಂತು.

‘ಮೇಡಮ್, ನದಿ ದಂಡಿಗೆ ಮೊಸಳಿ ಬಂದು ಮಲಗೇದ್ರೀ. ಸಾಹೇಬ್ರು ಹೋಗಿ ನಿಂದ್ರು ಅಂದಾರ.’

‘ಮೊಸಳಿ ಅರಣ್ಯ ಇಲಾಖಿದ್ರೀ!’

‘ಅವರು ಬರೋತನಕ ನಮ್ದಂತ್ರೀ.’

ಅದಾದ ಮೇಲೆ ಒಂದು ದಿನ ಅವಳೇ ನಾಚಿಕೆ ಬಿಟ್ಟು ಅಂದಿದ್ದಳು, ‘ನನಗ ದೇವದುರ್ಗಕ್ಕ ಬಂದುಬಿಡಬೇಕು ಅನ್ನಿಸ್ತದ್ರೀ.’ ಅವನು ‘ಹೌದೇನ್ರೀ?’ ಎಂದಷ್ಟೇ ಹೇಳಿದ್ದ.

ಈಗ ಈ ಮೆಸೇಜು.

ಜಿಲ್ಲಾಧಿಕಾರಿ ಕಚೇರಿಯ ಸಭೆಯಲ್ಲಿ ಅವನು ಎರಡು ಸಾಲು ಮುಂದೆ ಕೂತಿದ್ದ. ನೀರು ಕುಡಿಯುವ ನೆವದಲ್ಲಿ ಹಿಂದಕ್ಕೆ ತಿರುಗಿದ. ಅವಳು ಕಣ್ಣು ಕೆಳಗಿಳಿಸಿ, ತಡೆಯಲಾರದೆ ಮತ್ತೆ ಎತ್ತಿದಳು. ಅವನು ಮುಚ್ಚಳ ತೆಗೆಯದ ಬಾಟಲಿಯನ್ನೇ ಬಾಯಿಗೆ ಹಿಡಿದು ನೋಡುತ್ತಿದ್ದ.

ಕ್ಯಾಂಟೀನಿನಲ್ಲಿ ಎರಡು ಚಹಾ ಬಂದವು.

‘ಏನು ಒಪ್ಪಿಗೀರೀ?’ ಎಂದಳು, ಏನೂ ಗೊತ್ತಿಲ್ಲದವಳ ಹಾಗೆ.

ವೆಂಕೋಬ ಜೇಬಿನಿಂದ ಒಂದು ಅರ್ಜಿ ತೆಗೆದು ಮೇಜಿನ ಮೇಲಿಟ್ಟ. ‘ಮ್ಯೂಚುವಲ್ಲಿಗೆ.’

‘ಏನು?’

‘ಮ್ಯೂಚುವಲ್ ಟ್ರಾನ್ಸ್‌ಫರ್ ರೀ. ನೀವು ನನ್ನ ಜಾಗಾಕ್ಕ, ನಾ ನಿಮ್ಮ ಜಾಗಾಕ್ಕ. ಅರ್ಜಿ ಕೊಡಾಕ ಇವತ್ತ ಕಡೀ ದಿನ.’

ಹೆಸರಿನಲ್ಲಿದ್ದ ಮೌನ ಮೌನೇಶ್ವರಿಯ ಸ್ವಭಾವದಲ್ಲಿ ಎಂದೂ ಇರಲಿಲ್ಲ. ಆ ಗಳಿಗೆಯಲ್ಲಿ ಮಾತ್ರ ಬಂತು, ಬಂದಷ್ಟೇ ಬೇಗ ಹೋಯಿತು.

‘ಅಂದ್ರ ಇಷ್ಟು ದಿನ ಚಹಾ ಕುಡಿಸಿದ್ದು ನನ್ನ ಸೀಟಿಗೇನ್ರೀ? ಮಾನ್ವಿ ಅಷ್ಟು ಚಂದ ಕಾಣಾಕತ್ತದ?’

‘ಚಂದ ಎಲ್ಲೀದು ಬಿಡ್ರಿ. ನಿಮ್ಮ ಸರ್ಕಲ್ಲಿನ ಕಾಲುವಿ ಜಗಳ ಜಿಲ್ಲಾಕ್ಕೆಲ್ಲಾ ಗೊತ್ತದ.’

‘ಮತ್ತ?’

‘ನೀವ ಅಂದಿದ್ರೆಲ್ರೀ, ದೇವದುರ್ಗಕ್ಕ ಬರಬೇಕು ಅಂತ. ಅಲ್ಲಿ ಒಂದೂ ಪೋಸ್ಟ್ ಖಾಲಿ ಇಲ್ಲ. ನಾ ಎದ್ದುಹೋದ್ರ ನಿಮಗ ಸಿಗ್ತದ.’

ಅವನ ಮುಖದಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಸಿಟ್ಟು ಮಾಡಲು ಎಷ್ಟೋ ಅನುಕೂಲವಾಗುತ್ತಿತ್ತು.

‘ನೀವು ಬಿಎಸ್ಸಿ ಓದೀರಿ ಹೌದಿಲ್ಲೋ?’

‘ಹೂಂರೀ. ಫಿಸಿಕ್ಸು, ಮ್ಯಾಥ್ಸು.’

‘ನನ್ನ ಕಪ್ಪು ನಿಮ್ಮ ಕಡಿ ಇಡ್ರಿ. ನಿಮ್ಮದು ನನ್ನ ಕಡಿ.’

ಅವನು ವಿಧೇಯನಾಗಿ ಇಟ್ಟ.

‘ನಡುವಿನ ದೂರ ಏನರ ಕಮ್ಮಿ ಆತೇನ್ರೀ?’

ವೆಂಕೋಬ ಕಪ್ಪುಗಳನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ‘ಮೇಡಮ್... ನೀವು ಅಂದದ್ದು ಊರಿನ ಮಾತಲ್ಲೇನ್ರೀ?’

‘ದೇವದುರ್ಗದಾಗ ನನಗೇನದರೀ? ಮೊಸಳಿ ನೋಡಾಕ ಬರ್ಲೇನು?’ ಅವಳು ಬ್ಯಾಗಿನಿಂದ ಪೆನ್ನು ತೆಗೆದಳು. ‘ಬರೀ ಸಹಿ ಬೇಕಿದ್ರ ಈಗ ಮಾಡಿ ಕೊಡ್ತೀನಿ. ಇವತ್ತಿನಿಂದ ನಿಮ್ಮ ಚಹಾ ನಿಮಗ, ನನ್ನ ಬಸ್ಸು ನನಗ.’

‘ಬ್ಯಾಡ್ರಿ!’ ಪಕ್ಕದ ಟೇಬಲ್ಲಿನವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದ. ಆಮೇಲೆ ದನಿ ತಗ್ಗಿಸಿದ. ‘ನೀವು ಇಲ್ಲದ ಮಾನ್ವ್ಯಾಗ ನಾ ಏನ್ ಮಾಡ್ಲಿ ಅಂತ ಅನ್ನ ಸೇರವಲ್ದು ನನಗ. ನಿಮ್ಮ ಆಸಿ ಅಂತ ಬಾಯಿ ಮುಚ್ಚಿಕೊಂಡು ಕುಂತಿದ್ದೆ.’

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಗೋಡೆಯ ಕಡೆ ಮುಖ ಮಾಡಿ, ‘ಮ್ಯೂಚುವಲ್ ಬಿಟ್ಟು ಇನ್ನೊಂದು ದಾರಿ ಅದ,’ ಎಂದಳು. ‘ಪತಿ-ಪತ್ನಿ ಪ್ರಕರಣ.’

ನೌಕರರಾದ ಗಂಡ ಹೆಂಡತಿಯನ್ನು ಒಂದೇ ಕಡೆ ಹಾಕುವ ಅವಕಾಶಕ್ಕೆ ವರ್ಗಾವಣೆ ನಿಯಮದಲ್ಲಿ ಇರುವ ಹೆಸರು ಅದು. ಫೈಲಿನ ಒಣ ಶಬ್ದ. ಆಡಿದ ಮೇಲೆ ಅವಳಿಗೆ ಮೈಯೆಲ್ಲ ಬಿಸಿಯಾಯಿತು.

ವೆಂಕೋಬ ಗಂಭೀರವಾಗಿ ಯೋಚಿಸಿದ. ‘ಅದಕ್ಕ ಮದುವಿ ನೋಂದಣಿ ಸರ್ಟಿಫಿಕೇಟ್ ಲಗತ್ತಿಸಬೇಕಾಗ್ತದಲ್ರೀ...’

‘ಯಪ್ಪಾ ದೇವರ! ಅದಕ್ಕೂ ಮೊದ್ಲು ಮದುವಿ ಆಗಬೇಕು. ಅಷ್ಟೂ ತಿಳಿಯಂಗಿಲ್ಲೇನು ನಿನಗ?’

ನಿನಗ ಅಂದುಬಿಟ್ಟಿದ್ದಳು. ಇಬ್ಬರಿಗೂ ಕೇಳಿಸಿತು. ತಿದ್ದಿಕೊಳ್ಳಲು ಅವಳು ಬಾಯಿ ತೆರೆದಳು.

‘ಇರಲಿ ಬಿಡು,’ ಎಂದ ವೆಂಕೋಬ, ಮೊದಲ ಸಲ ‘ರೀ’ ಇಲ್ಲದೆ. ‘ಹಂಗ ಕರಿ.’