ತುಂಬಿದ ಕೋಣೆಯ ಅಂಕಿ

"ನೀವೂ ಕೈ ಕೊಟ್ರಲ್ಲ!"

ಹೊಲಿಗೆ ಟೀಚರ್ ತನ್ನ ತರಗತಿಯ ಗಾಳಿ ವರದಿಯನ್ನು ಇಂಜಿನಿಯರನ ಮೇಜಿನ ಮೇಲೆ ಬಡಿದಳು. ಕಟ್ಟಡಗಳ ಗಾಳಿ ಪರೀಕ್ಷಿಸುವವನು ಅವನು. ಒಂದು ವರ್ಷದಿಂದ ಇಬ್ಬರಿಗೂ ಒಂದೇ ಬಸ್ಸು, ಅಕ್ಕಪಕ್ಕದ ಸೀಟು. ಮನಸ್ಸಿನ ಮಾತು ಮಾತ್ರ ಇಬ್ಬರ ಬಾಯಿಂದಲೂ ಬಂದಿರಲಿಲ್ಲ.

"ಅಂಕಿ ಐದುನೂರು, ಗಾಳಿ ಚೆನ್ನಾಗಿದೆ ಅಂತ ಬರೆದಿದ್ದೀರಿ. ಹಾಗಾದ್ರೆ ನನ್ನ ಹುಡುಗಿಯರು ಯಾಕೆ ತೂಕಡಿಸ್ತಾರೆ? ಮೊನ್ನೆ ಒಬ್ಬಳ ಬೆರಳಿಗೆ ಸೂಜಿ ಹೊಕ್ಕಿತು... ನನಗೆ ಪಾಠ ಮಾಡೋಕೆ ಬರಲ್ಲ ಅಂತಾರೆ ನಮ್ಮ ಮ್ಯಾನೇಜರ್! ಇವತ್ತು ಸಂಜೆ ನನ್ನನ್ನ ಕೆಲಸದಿಂದ ತೆಗೀತಾರೆ."

ಅವನ ಮುಖ ಸಪ್ಪಗಾಯಿತು. "ಮೀಟರ್ ಸುಳ್ಳು ಹೇಳಲ್ಲ ರೀ..."

"ಯಾವಾಗ ಅಳೆದ್ರಿ?"

"ಊಟದ ಹೊತ್ತಲ್ಲಿ. ಪಾಠಕ್ಕೆ ತೊಂದರೆ ಆಗುತ್ತೆ ಅಂತ ಮ್ಯಾನೇಜರ್ ಆಗಲೇ ಬರೋಕೆ ಹೇಳಿದ್ರು."

"ಆಗ ಒಳಗೆ ಯಾರಿದ್ರು?"

ಅವನು ತಲೆಗೆ ಕೈ ಹಚ್ಚಿ ಕುಳಿತ. ಮೀಟರ್ ಅಳೆಯುವುದು ಜನ ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು; ಅದು ಹೆಚ್ಚಾದರೆ ತೂಕಡಿಕೆ. ಉಸಿರಾಡುವವರೇ ಇಲ್ಲದ ಕೋಣೆಯಲ್ಲಿ ಅಂಕಿ ಏರುವುದಾದರೂ ಹೇಗೆ?

'ಇವನೊಬ್ಬನಾದರೂ ನನ್ನವನು ಅಂದುಕೊಂಡಿದ್ದೆ...' ಅವಳು ತಿರುಗಿ ನೋಡದೆ ಹೊರಟುಹೋದಳು.

ಮಧ್ಯಾಹ್ನ ಮೂರು ಗಂಟೆ. ನಲವತ್ತು ಹೊಲಿಗೆ ಯಂತ್ರಗಳು, ನಲವತ್ತು ಹುಡುಗಿಯರು. ಬಿಳಿ ಬಟ್ಟೆಗೆ ಧೂಳು ಕೂರುತ್ತದೆಂದು ಕಿಟಕಿಗಳೆಲ್ಲ ಭದ್ರ, ಎ.ಸಿ. ಮಾತ್ರ ಗುಂಯ್ ಎನ್ನುತ್ತಿತ್ತು. 'ಇದೇ ನನ್ನ ಕೊನೆಯ ಪಾಠ' ಎಂದುಕೊಂಡು ಅವಳು ಕಣ್ಣೊರೆಸಿಕೊಂಡಳು.

ಬಾಗಿಲು ತೆರೆಯಿತು. ಮ್ಯಾನೇಜರನ್ನು ಬಲವಂತವಾಗಿ ಕರೆದುಕೊಂಡು ಅವನು ಬಂದಿದ್ದ! ಕೈಯಲ್ಲಿ ಮೀಟರ್.

"ಮುಕ್ಕಾಲು ಗಂಟೆ ಇಲ್ಲೇ ಕೂತ್ಕೊಳ್ಳಿ ಸಾರ್. ತಪ್ಪು ನನ್ನದು, ಖಾಲಿ ಕೋಣೆ ಅಳೆದೆ."

ಸಾವಿರದ ಆರುನೂರು... ಎರಡು ಸಾವಿರ... ಎರಡು ಸಾವಿರದ ನಾಲ್ಕುನೂರು! ಅಷ್ಟರಲ್ಲಿ ಮ್ಯಾನೇಜರ್ ಸಾಹೇಬರೇ ಬಾಯಿ ಅಗಲಿಸಿ ಆಕಳಿಸಿದರು. ಹುಡುಗಿಯರು ಕಿಸಕ್ಕನೆ ನಕ್ಕರು.

"ಎ.ಸಿ. ಇದ್ದೂ ಹಿಂಗಾ?" ಎಂದರು ಅವರು ಪೆಚ್ಚಾಗಿ.

"ಅದು ಇದೇ ಗಾಳೀನ ತಣ್ಣಗೆ ಮಾಡುತ್ತೆ ಸಾರ್, ಹೊಸ ಗಾಳಿ ತರಲ್ಲ. ಟೀಚರ್ ತಪ್ಪೇನಿಲ್ಲ."

ಸಾಹೇಬರು ಅವಳನ್ನು ಕೆಲಸದಿಂದ ತೆಗೆಯಲು ಜೇಬಿನಲ್ಲಿಟ್ಟುಕೊಂಡಿದ್ದ ನೋಟಿಸನ್ನು ಹರಿದು, ತಾವೇ ಹೋಗಿ ಕಿಟಕಿ ತೆರೆದರು.

ಎಲ್ಲರೂ ಹೋದ ಮೇಲೂ ಅವನು ಅಲ್ಲೇ ನಿಂತಿದ್ದ. "ವರದಿ ತಪ್ಪಾಯ್ತು ಅಂತ ನನ್ನ ಆಫೀಸಿಗೂ ಬರೆದುಕೊಟ್ಟಿದ್ದೀನಿ. ನೀವು ಆ ಬಸ್ಸಲ್ಲಿ ಇಲ್ಲದೆ ಹೋದ್ರೆ... ನನ್ನಿಂದ ಆಗಲ್ಲ ರೀ."

ಅವಳ ಕಣ್ಣು ತುಂಬಿತು. ಮೀಟರನ್ನು ಎತ್ತಿಕೊಂಡಳು. ಅಂಕಿ ನೋಡಲು ಅವನೂ ಬಗ್ಗಿದ. ಇಬ್ಬರ ಉಸಿರು ತಾಗಿ ಅಂಕಿ ಸರ್ರನೆ ಏರಿತು.

"ದೂರ ನಿಲ್ಲಿ... ಏರ್ತಾ ಇದೆ."

"ನಿಲ್ಲಲೇಬೇಕಾ?"

"ಬೇಡ," ಎಂದಳು ಅವಳು ಮೆಲ್ಲಗೆ. "ಕಿಟಕಿ ತೆಗೆದಿದೆಯಲ್ಲ."