ಸೌಟಾದ ಅವ್ವ, ಸಿಟ್ಟಿನ ಬೆಳ್ಳಿಯಪ್ಪ

ಏಳು ಬೆಟ್ಟದಾಚೆ, ತಾತನ ತಾತನೂ ಹುಟ್ಟಿರದ ಕಾಲದಲ್ಲಿ, ಹೊಗೆಪುರ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯಕ್ಕೆ ಒಬ್ಬ ಮಾಂತ್ರಿಕ ಬಂದು ಒಕ್ಕರಿಸಿದ್ದ. ಹೆಸರು ಗುಡಾಣಯ್ಯ, ಹೊಟ್ಟೆಯೂ ಗುಡಾಣವೇ. ಕಂಡ ಕಂಡ ಮನೆಗೆ ನುಗ್ಗಿ ಉಣ್ಣುತ್ತಿದ್ದ. ಥೂ, ಕೈ ಕೂಡ ತೊಳೆಯುತ್ತಿರಲಿಲ್ಲ. ಅದರ ಮೇಲೆ ಶಾಪ ಬೇರೆ ಹಾಕಿದ್ದ: "ಎಲೆಗೆ ಬಡಿಸೋ ಮುಂಚೆ ಯಾರೇ ಆಗಲಿ, ಅಡುಗೆ ಬಾಯಿಗಿಟ್ಟರೆ ಸೌಟಾಗಲಿ!" ಪಾಯಸ ನೆಕ್ಕಿದ ರಾಜನೇ ಸೌಟಾಗಿ ಅರಮನೆ ಗೋಡೆಗೆ ನೇತಾಡುತ್ತಿದ್ದ.

ಒಂದು ದಿನ ಬೆಳ್ಳಿಯಪ್ಪನ ಮನೆ ಸರದಿ ಬಂತು, ಗುಡಾಣಯ್ಯ ಬಂದು ಎಲೆ ಮುಂದೆ ಕೂತ. ಅವನ ಅವ್ವ ದ್ಯಾವಮ್ಮ ಹುಳಿ ಕುದಿಸುತ್ತಿದ್ದಳು. ಅಭ್ಯಾಸ ನೋಡಿ, ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿಬಿಟ್ಟಳು.

"ಉಪ್ಪು..." ಅಂದಳು. ಅಷ್ಟೇ. ಠಣ್! ನೆಲದ ಮೇಲೆ ಹಿತ್ತಾಳೆ ಸೌಟು.

ಗುಡಾಣಯ್ಯ ಹೊಟ್ಟೆ ಕುಲುಕಿಸಿ ನಕ್ಕ. ಬೆಳ್ಳಿಯಪ್ಪನಿಗೆ ನೆತ್ತಿ ಉರಿಯಿತು.

"ಲೋ ಹೊಟ್ಟೆಬಾಕ, ನಮ್ಮವ್ವನ್ನ ವಾಪಸ್ ಕೊಡೋ!"

"ಕೊಡ್ತೀನಿ. ನಿನ್ನ ಕೈಯಾರೆ ಮೂರು ಸಲ ಅಡುಗೆ ಮಾಡಿ ಹಾಕು. ಒಂದು ಸಲ ಹದ ತಪ್ಪಿದ್ರೂ ಇವಳನ್ನ ಕರಗಿಸಿ ನನ್ನ ಊಟದ ಗಂಟೆ ಮಾಡಿಸ್ತೀನಿ."

ಬೆಳ್ಳಿಯಪ್ಪನಿಗೋ ನೀರು ಕಾಯಿಸೋಕೂ ಬರುತ್ತಿರಲಿಲ್ಲ. ಅಟ್ಟ ಹತ್ತಿ ಅಜ್ಜಿ ಕಾಲದ ದಪ್ಪ ಅಡುಗೆ ಪುಸ್ತಕ ಇಳಿಸಿದ. ಹೊಗೆಪುರದ ಮನೆಮನೆಯವರೂ ಅದನ್ನೇ ಓದಿ ಅಡುಗೆ ಕಲಿತಿದ್ದರು. ತೆರೆದರೆ ಪುಟಪುಟದಲ್ಲೂ ಒಂದೇ ಮಾತು: ಹದ ನೋಡಿ ಇಳಿಸುವುದು.

"ಬಾಯಿಗಿಟ್ರೆ ಸೌಟಾಗ್ತೀನಿ, ಹದ ಹೆಂಗೆ ನೋಡ್ಲಿ, ನಿನ್ನ ತಲೆ!" ಅಂತ ಪುಸ್ತಕವನ್ನ ಗೋಡೆಗೆ ಎಸೆದ. ಪುಸ್ತಕ ಪಟಪಟ ಹಾರಿಬಂದು ಅವನ ಮೂಗಿಗೇ ಬಡಿಯಿತು.

"ಕಿವಿ ಇರೋದು ಬರೀ ಹಿಂಡಿಸಿಕೊಳ್ಳೋಕಾ? ಕೇಳೋ, ಕತ್ತೆ!" ಅಂತು.

ಮೊದಲು ಚಿತ್ರಾನ್ನ. ಸಾಸಿವೆ ಸೀದುಹೋಯಿತು. ಮತ್ತೆ ಹಾಕಿದ, ಮತ್ತೆ ಕರಕಲು. ಸಿಟ್ಟಿಗೆ ಬಾಣಲೆ ಒದ್ದ, ಕಾಲು ಸುಟ್ಟುಕೊಂಡ, ಇನ್ನೂ ಸಿಟ್ಟು ಬಂತು. ಕೊನೆಗೆ ಹಲ್ಲು ಕಚ್ಚಿಕೊಂಡು ಕಿವಿಗೊಟ್ಟ. ಚಟಪಟ, ಚಟಪಟ, ಚಟ್... ಸದ್ದು ತಗ್ಗಿದ್ದೇ ತಡ, ಇಳಿಸಿದ. ಗುಡಾಣಯ್ಯ ಎಲೆ ಕೆರೆದು ಉಂಡ. ತಪ್ಪು ಸಿಗಲಿಲ್ಲ.

ಎರಡನೇದು ಸಾರು. "ಮೂಗು ಇರೋದು ಸೀನೋಕಾ?" ಅಂತು ಪುಸ್ತಕ. ಹುಣಿಸೆಯ ಹಸಿ ವಾಸನೆ ಹೋಗುವ ತನಕ ಬೆಳ್ಳಿಯಪ್ಪ ಒಲೆ ಮುಂದೆ ಮಾಂತ್ರಿಕನ ಇಡೀ ವಂಶವನ್ನ ಬೈಯುತ್ತಾ ನಿಂತ. ಗುಡಾಣಯ್ಯ ಸುರ್ ಅಂತ ಕುಡಿದ. ಆಗಲೂ ತಪ್ಪು ಸಿಗಲಿಲ್ಲ.

ಮೂರನೇದು ಕೊಬ್ಬರಿ ಮಿಠಾಯಿ. ಸಕ್ಕರೆ ಪಾಕ ಕುದಿಯಿತು. "ಬೆರಳು..." ಅಂತ ಪುಸ್ತಕ ಶುರುಮಾಡಿತು. "ಗೊತ್ತು, ಸುಮ್ನಿರು!" ಅಂದ ಬೆಳ್ಳಿಯಪ್ಪ. ಎರಡು ಬೆರಳ ನಡುವೆ ಎಳೆ ಬಂತು. ಬೆರಳು ತಾನೇ ತಾನಾಗಿ ಬಾಯಿ ಕಡೆ ಹೊರಟಿತು. ಪುಸ್ತಕ ಚಟೀರ್ ಅಂತ ಕೈಗೆ ಹೊಡೆಯಿತು. ಅಬ್ಬಾ, ಬಚಾವ್!

ಕಾಯಿತುರಿ ಮಗುಚಿ, ಏಲಕ್ಕಿ ಹಾಕಿ, ತುಪ್ಪ ಸವರಿದ ತಟ್ಟೆಗೆ ಸುರಿದ. ಎಲೆ ಮುಂದೆ ಕೂತಿದ್ದ ಗುಡಾಣಯ್ಯನ ಬಾಯಲ್ಲಿ ನೀರು ಸುರಿಯಿತು.

"ತಾರೋ ಇಲ್ಲಿ!"

"ಆರಿದ ಮೇಲೆ ಕತ್ತರಿಸಿ ಬಡಿಸುವುದು ಅಂತ ಪುಸ್ತಕದಲ್ಲಿದೆ."

"ಪುಸ್ತಕಕ್ಕೆ ಬೆಂಕಿ ಹಾಕು!"

"ಹಾಕಲ್ಲ. ಕುಂತ್ಕೊ."

ಮಾಂತ್ರಿಕನ ಜೊಲ್ಲು ನೋಡಿ ಬೆಳ್ಳಿಯಪ್ಪನಿಗೆ ಒಂದು ಕಿತಾಪತಿ ಹೊಳೆಯಿತು. ಬೀಸಣಿಗೆ ತಗೊಂಡ. ತಟ್ಟೆಯ ಘಮ ನೇರ ಆ ಗುಡಾಣದ ಮೂಗಿಗೇ ಹೋಗುವ ಹಾಗೆ ಬೀಸಿದ. "ಆರಿಸ್ತಾ ಇದ್ದೀನಿ ಬುದ್ಧೀ, ಅರ್ಜೆಂಟ್ ಮಾಡಬೇಡಿ."

ಬೀಸಿದ, ಬೀಸಿದ, ಬೀಸಿದ. ಗುಡಾಣಯ್ಯ ಕುಣಿದ, ಕಿರುಚಿದ, ತಡೆಯಲಾರದೆ ತಟ್ಟೆಗೇ ಕೈ ಹಾಕಿ ಒಂದು ಹಿಡಿ ಕಿತ್ತು ಬಾಯಿಗೆ ತುರುಕಿಕೊಂಡ.

ಠಣ್! ಎಲೆಯ ಮುಂದೆ ತುಕ್ಕು ಹಿಡಿದ ಕಬ್ಬಿಣದ ಸೌಟು.

"ಯಾರೇ ಆಗಲಿ ಅಂದವನು ನೀನೇ ಅಲ್ವೇನೋ, ಭಡವಾ!" ಅಂತ ಬೆಳ್ಳಿಯಪ್ಪ ಅದನ್ನ ಬೂದಿಗುಂಡಿಗೆ ಎಸೆದ.

ಹಾಕಿದವನಿಗೇ ತಿರುಗಿ ಬಡಿದು ಶಾಪ ಮುರಿಯಿತು; ಅವನೊಬ್ಬ ಮಾತ್ರ ಸೌಟಾಗೇ ಉಳಿದ. ಮನೆಮನೆಯ ಗೋಡೆಯಿಂದ ಸೌಟುಗಳು ಧೊಪಧೊಪ ಉದುರಿ ಮನುಷ್ಯರಾದವು. ರಾಜ ಮೊದಲು ಪಾಯಸ ಎಲ್ಲಿ ಅಂತ ಕೇಳಿದ. ಬೆಳ್ಳಿಯಪ್ಪನ ಅಡುಗೆಮನೆಯಲ್ಲಿ ದ್ಯಾವಮ್ಮ ಎದ್ದು ನಿಂತು ಮಾತು ಮುಗಿಸಿದಳು:

"...ಕಮ್ಮಿಯಾಯ್ತು ಕಣೋ."

ಆಮೇಲೆ ಕರಕಲು ಬಾಣಲೆ ನೋಡಿದಳು. "ಅಯ್ಯೋ ಹಾಳಾದೋನೇ, ಯಾವನೋ ಇದನ್ನ ಉಜ್ಜೋನು?"

ಅಷ್ಟು ಹೊತ್ತೂ ಉರಿಯುತ್ತಿದ್ದ ಬೆಳ್ಳಿಯಪ್ಪನಿಗೆ ನಗು ತಡೆಯಲಾಗಲಿಲ್ಲ. ಅವತ್ತು ಹೊಗೆಪುರದಲ್ಲಿ ಎಲ್ಲರೂ ಹೊಟ್ಟೆತುಂಬ ಉಂಡು ಸುಖವಾಗಿ ಮಲಗಿದರು. ಬಾಣಲೆ ಉಜ್ಜಿದವನು ಮಾತ್ರ ಸ್ವಲ್ಪ ತಡವಾಗಿ ಮಲಗಿದ.